ಆಟಕ್ಕೆ ಮೊದಲು ಅಂಗಳ

2024ರ ಸೆಪ್ಟೆಂಬರ್ 21, ಶನಿವಾರ. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಒಂದು ಅಡ್ಡರಸ್ತೆ. ಬೆಳಗ್ಗೆ ಹತ್ತೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಮನೆ ಮುಂದಿನ ಹುಲ್ಲಿನ ಅಂಚಿನಲ್ಲಿ ರಟ್ಟಿನ ಫಲಕ ಹಿಡಿದು ನಿಂತಿದ್ದರು. ನಮ್ಮ ಕಾರು ನಿಧಾನವಾಗುತ್ತಲೇ ಕಿಟಕಿಯ ಬಳಿ ಬಂದು, ಹಣದ ಮಾತೆತ್ತುವ ಮೊದಲೇ ಕೇಳಿದರು: "ಆಟ ಮುಗಿದ ಕೂಡಲೇ ಹೊರಡುತ್ತೀರೋ, ಸ್ವಲ್ಪ ಹೊತ್ತು ಇದ್ದು ಹೋಗುತ್ತೀರೋ?"

ಇದ್ದು ಹೋಗುತ್ತೇವೆ ಎಂದೆ. ಹಾಗಾದರೆ ಒಳಗೆ ಬನ್ನಿ ಎಂದು ಮೇಪಲ್ ಮರದ ಕಡೆ ಕೈ ತೋರಿಸಿದರು. ಬೇಗ ಹೊರಡುವವರ ಕಾರು ರಸ್ತೆಯ ಬದಿಗೆ, ನಿಧಾನದವರದು ಮರದ ಬುಡಕ್ಕೆ. ಆ ಪುಟ್ಟ ಅಂಗಳದಲ್ಲಿ ಹತ್ತಾರು ಕಾರುಗಳು ಅವರ ಒಂದೇ ಪ್ರಶ್ನೆಯ ಬಲದಿಂದ ಸಲೀಸಾಗಿ ಹೊಂದಿಕೊಂಡವು.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ನೋಡಬೇಕೆಂದು ಹೊರಡುವ ನಮ್ಮವರು ಟಿಕೆಟ್ಟಿನ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಕಾರು ಎಲ್ಲಿ ನಿಲ್ಲಿಸಬೇಕು, ಊಟ ಎಲ್ಲಿ, ಎದುರಾಳಿ ಊರಿನವರ ಜೊತೆ ಹೇಗಿರಬೇಕು ಎಂಬುದು ನೆನಪಾಗುವುದು ಹೆದ್ದಾರಿಯಿಂದ ಕೆಳಗಿಳಿದ ಮೇಲೆ. ಹತ್ತಾರು ಆಟ ನೋಡಿದ ಅನುಭವದಿಂದ ಹೇಳುತ್ತೇನೆ: ಆ ದಿನ ಚೆನ್ನಾಗಿ ಕಳೆಯಿತೋ ಇಲ್ಲವೋ ಎನ್ನುವುದು ಮೈದಾನಕ್ಕಿಂತ ಹೆಚ್ಚಾಗಿ ಕಾರು ನಿಂತ ಅಂಗಳದಲ್ಲಿ ತೀರ್ಮಾನವಾಗುತ್ತದೆ. ದೂರದಿಂದ ಬಂದ ಅಭಿಮಾನಿ ಊರಿಗೆ ಮರಳಿದ ಮೇಲೆ ಹೇಳಿಕೊಳ್ಳುವುದೂ ಅಂಕಗಳಿಗಿಂತ ಆ ಅಂಗಳದ ಕಥೆಯನ್ನೇ.

ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮವನ್ನು ನಂಬಿ ನೆಲೆಸಿದ ಕನ್ನಡ ಕುಟುಂಬಗಳು ಸಾಕಷ್ಟಿವೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಿದ್ದಾರೆ, ಅವರನ್ನು ನೋಡಲು ಬರುವ ತಂದೆ ತಾಯಿಗಳಿದ್ದಾರೆ. ಮೊದಲ ಸಲ ಹೋಗುವ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಉದಾಹರಣೆ ಆ್ಯನ್ ಆರ್ಬರ್‌ನದಾದರೂ ಇದರಲ್ಲಿ ಹೆಚ್ಚಿನದು ಅಮೆರಿಕದ ಯಾವ ಕಾಲೇಜು ಊರಿಗೂ ಸಲ್ಲುತ್ತದೆ.

ಊರಿನಷ್ಟೇ ದೊಡ್ಡ ಮೈದಾನ

2020ರ ಜನಗಣತಿಯಂತೆ ಆ್ಯನ್ ಆರ್ಬರ್‌ನ ಜನಸಂಖ್ಯೆ 1,23,851. ಇಲ್ಲಿನ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಹೆಚ್ಚೂಕಡಿಮೆ ಒಂದು ಇಡೀ ಊರು ಇನ್ನೊಂದು ಊರಿನೊಳಗೆ ಬಂದು ಇಳಿದಂತೆ. 1927ರಲ್ಲಿ ಬಾಗಿಲು ತೆರೆದ ಈ ಮೈದಾನವನ್ನು ಇಲ್ಲಿನವರು 'ಬಿಗ್ ಹೌಸ್' ಎಂದು ಕರೆಯುತ್ತಾರೆ. 1975ರ ನವೆಂಬರ್‌ನಿಂದ ಇಲ್ಲಿ ನಡೆದ ಪ್ರತಿ ಆಟಕ್ಕೂ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದಾರೆ. ಕೋವಿಡ್ ಕಾರಣದಿಂದ ಸಾರ್ವಜನಿಕರಿಗೆ ಪ್ರವೇಶವಿಲ್ಲದ 2020 ಮಾತ್ರ ಇದಕ್ಕೆ ಹೊರತು. 2013ರ ಸೆಪ್ಟೆಂಬರ್ 7ರಂದು ನೋಟರ್ ಡೇಮ್ ವಿರುದ್ಧದ ಆಟಕ್ಕೆ 1,15,109 ಜನ ಬಂದಿದ್ದರು.

ನಮ್ಮಲ್ಲಿ ಜಾತ್ರೆಗೆ ಹೋದವರಿಗೆ ಇಂಥ ಜನಸಾಗರ ಹೊಸದೇನಲ್ಲ. ವ್ಯತ್ಯಾಸ ಇಷ್ಟೇ: ಜಾತ್ರೆಗೆ ಜನ ಬಸ್ಸಿನಲ್ಲಿ, ಟ್ರ್ಯಾಕ್ಟರ್‌ನಲ್ಲಿ, ಕಾಲ್ನಡಿಗೆಯಲ್ಲಿ ಬಂದು ಸೇರುತ್ತಾರೆ, ಇಲ್ಲಿ ಬಹುತೇಕರು ಕಾರಿನಲ್ಲಿ ಬರುತ್ತಾರೆ. ಅಷ್ಟೂ ಕಾರುಗಳಿಗೆ ಊರು ಒಂದು ದಿನದ ಮಟ್ಟಿಗೆ ಜಾಗ ಹುಡುಕಿಕೊಡಬೇಕು.

ಆಟದ ಬಗ್ಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ. ಗಡಿಯಾರದ ಲೆಕ್ಕದಲ್ಲಿ ಹದಿನೈದು ನಿಮಿಷಗಳ ನಾಲ್ಕು ಭಾಗ. ಆದರೆ ನಿಂತು ನಿಂತು ಸಾಗುವ ಆಟವಾದ್ದರಿಂದ ಮುಗಿಯಲು ಮೂರೂವರೆ ಗಂಟೆಯಾದರೂ ಬೇಕು. ಋತು ಆಗಸ್ಟ್ ಕೊನೆಯಲ್ಲಿ ಶುರುವಾಗಿ ನವೆಂಬರ್ ಕೊನೆಯವರೆಗೆ ಇರುತ್ತದೆ. ತಂಡವೊಂದು ಆಡುವ ಹನ್ನೆರಡು ಆಟಗಳಲ್ಲಿ ತವರಿನಲ್ಲಿ ನಡೆಯುವುದು ಆರರಿಂದ ಎಂಟು, ಹೆಚ್ಚಿನವು ಶನಿವಾರ. ಊರಿನ ಹೋಟೆಲು, ಅಂಗಡಿಗಳ ಒಂದು ವರ್ಷದ ಲೆಕ್ಕ ಈ ಕೆಲವೇ ಶನಿವಾರಗಳ ಮೇಲೆ ನಿಂತಿರುತ್ತದೆ.

ಆಟದ ವೇಳೆಯನ್ನು ಟೀವಿ ಪ್ರಸಾರ ನಿರ್ಧರಿಸುತ್ತದೆ. ಮಧ್ಯಾಹ್ನ ಹನ್ನೆರಡು, ಮೂರೂವರೆ, ರಾತ್ರಿ ಏಳೂವರೆ ಇವು ವಾಡಿಕೆಯ ಸಮಯಗಳು. ಕೆಲವು ಆಟಗಳ ವೇಳೆ ಒಂದೆರಡು ವಾರ ಮುಂಚೆಯಷ್ಟೇ ಪ್ರಕಟವಾಗುತ್ತದೆ. ದಿನಾಂಕ ನೋಡಿ ವಿಮಾನದ ಟಿಕೆಟ್ ಮಾಡಿಸುವವರು ಶನಿವಾರ ಪೂರ್ತಿ ಬಿಡುವಿಟ್ಟುಕೊಳ್ಳಿ, ಅದೇ ರಾತ್ರಿ ಮರಳುವ ಯೋಜನೆ ಬೇಡ.

ಕಾರು ಎಲ್ಲಿ ನಿಲ್ಲಿಸುವುದು

ಮೈದಾನಕ್ಕೆ ಅಂಟಿಕೊಂಡ ಜಾಗಗಳು ಋತುವಿಡೀ ಪಾಸ್ ಪಡೆದವರಿಗೆ, ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೊಡುವವರಿಗೆ ಮೀಸಲು. ಪಾಸ್ ಇಲ್ಲದೆ ಅತ್ತ ಹೋದರೆ ಪೊಲೀಸರು ತಿರುಗಿಸಿ ಕಳಿಸುತ್ತಾರೆ. ಆ ದಟ್ಟಣೆಯಲ್ಲಿ ತಿರುಗಿ ಬರಲು ಅರ್ಧ ಗಂಟೆ ಹಿಡಿಯುತ್ತದೆ. ಉಳಿದವರಿಗೆ ಇರುವ ದಾರಿಗಳು ಇವು.

ಶಾಲೆ ಮತ್ತು ಗಾಲ್ಫ್ ಮೈದಾನ: ಆ್ಯನ್ ಆರ್ಬರ್‌ನಲ್ಲಿ ಸ್ಟೇಡಿಯಂ ಎದುರಿನ ಪಯೊನೀರ್ ಹೈಸ್ಕೂಲಿನ ಆವರಣ ಮತ್ತು ಹತ್ತಿರದ ಗಾಲ್ಫ್ ಮೈದಾನದ ಹುಲ್ಲು ಆಟದ ದಿನ ಕಾರುಗಳಿಂದ ತುಂಬಿಹೋಗುತ್ತವೆ. ಹೈಸ್ಕೂಲಿನಲ್ಲಿ ಕಟ್ಟಿದ ಹಣ ಊರಿನ ಶಾಲೆಗಳಿಗೇ ಸೇರುತ್ತದೆ. ಜಾಗ ವಿಶಾಲ, ಆಟಕ್ಕೆ ಮುಂಚೆ ಗುಡಾರ ಹಾಕಿ ಒಲೆ ಹೂಡಿ ಉಣ್ಣಲು ಅನುಕೂಲ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಮಾತ್ರ ಹುಲ್ಲಿನ ತಗ್ಗು ಭಾಗದಲ್ಲಿ ನಿಲ್ಲಿಸಬೇಡಿ, ಚಕ್ರ ಹೂತುಹೋಗುತ್ತದೆ.

ಮನೆಯ ಅಂಗಳ: ಸುತ್ತಲ ಬೀದಿಗಳ ನಿವಾಸಿಗಳು ತಮ್ಮ ಅಂಗಳವನ್ನೇ ಬಾಡಿಗೆಗೆ ಕೊಡುತ್ತಾರೆ. ಎದುರಾಳಿ ಯಾರು, ಮೈದಾನ ಎಷ್ಟು ದೂರ ಎಂಬುದರ ಮೇಲೆ ದರ ಏರಿಳಿಯುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮನೆಯವರ ಪರಿಚಯವಾಗುತ್ತದೆ, ದಾರಿ ಕೇಳಲು ಒಬ್ಬರಿರುತ್ತಾರೆ, ಮುಂದಿನ ವರ್ಷ ಬಂದಾಗ ಹೆಸರು ಹಿಡಿದು ಕರೆಯುತ್ತಾರೆ. ಒಲೆ ಹಚ್ಚಬಹುದೇ, ಗುಡಾರ ಹಾಕಬಹುದೇ, ಶೌಚಾಲಯ ಬಳಸಬಹುದೇ ಎಂದು ಹಣ ಕೊಡುವ ಮುನ್ನವೇ ಕೇಳಿಬಿಡಿ. ಪಾದಚಾರಿ ಹಾದಿಗೆ ಅಡ್ಡವಾಗಿ ಅಥವಾ ಅಗ್ನಿಶಾಮಕ ನಲ್ಲಿಯ ಪಕ್ಕ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾರು ಎಳೆದೊಯ್ದರೆ ದಂಡ ತೆರುವವರು ನೀವೇ.

ಪೇಟೆಯ ಬಹುಮಹಡಿ ಪಾರ್ಕಿಂಗ್: ಪೇಟೆಯಲ್ಲಿ ನಿಲ್ಲಿಸಿ ಸುಮಾರು ಎರಡು ಕಿಲೋಮೀಟರ್ ನಡೆದರೆ ಮೈದಾನ. ಆ ನಡಿಗೆಯೇ ಒಂದು ಮೆರವಣಿಗೆ. ಒಲೆ ಹೂಡುವ ಇರಾದೆ ಇಲ್ಲದವರಿಗೆ, ಪೇಟೆಯಲ್ಲೇ ಊಟ ಮಾಡುವವರಿಗೆ ಇದು ಒಳ್ಳೆಯದು.

ಹೊರವಲಯದಿಂದ ಬಸ್ಸು: ಅನೇಕ ಕಾಲೇಜು ಊರುಗಳಲ್ಲಿ ದೂರದ ನಿಲುಗಡೆಗಳಿಂದ ಶಟಲ್ ಬಸ್ಸು ಓಡುತ್ತವೆ. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗುವವರು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲೇ ತಿಳಿದುಕೊಳ್ಳಿ.

ನಡೆಯಲು ಕಷ್ಟಪಡುವವರು ಜೊತೆಗಿದ್ದರೆ ಅಂಗವಿಕಲರ ಪಾರ್ಕಿಂಗ್ ಎಲ್ಲಿದೆ, ಅದಕ್ಕೆ ಮುಂಗಡ ಕಾಯ್ದಿರಿಸಬೇಕೇ ಎಂದು ಆ ವಾರವೇ ವಿಶ್ವವಿದ್ಯಾಲಯದ ಕ್ರೀಡಾ ಇಲಾಖೆಗೆ ಫೋನ್ ಮಾಡಿ. ಆಟದ ದಿನ ಮೈದಾನದ ಸುತ್ತಲ ಕೆಲವು ರಸ್ತೆಗಳು ಮುಚ್ಚಿರುತ್ತವೆ. ಬಾಗಿಲ ತನಕ ಬಿಟ್ಟು ಬರುತ್ತೇನೆ ಎಂದುಕೊಂಡರೆ ಆಗುವುದಿಲ್ಲ.

ಬರುವಾಗಲೇ ಹೋಗುವುದನ್ನು ಯೋಚಿಸಿ

ನನ್ನ ಮೊದಲ ಆಟಕ್ಕೆ ಬೆಳಗ್ಗೆ ಬೇಗ ಹೋಗಿ, ಮೈದಾನಕ್ಕೆ ತೀರಾ ಹತ್ತಿರದ ಒಂದು ಜಾಗ ಹಿಡಿದು ಬಹಳ ಖುಷಿಪಟ್ಟಿದ್ದೆ. ಆಟ ಮುಗಿಸಿ ಬಂದರೆ ಮುಂದೆ ಎರಡು ಸಾಲು, ಹಿಂದೆ ಎರಡು ಸಾಲು ಕಾರು. ಅವುಗಳ ಒಡೆಯರು ಎಲ್ಲೋ ಊಟಕ್ಕೆ ಕೂತಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ಹಸಿವು, ನಿದ್ದೆ ಎರಡೂ ಸೇರಿ ಅವಳು ಎರಡು ಗಂಟೆ ಅತ್ತಳು. ಅಂದಿನಿಂದ ಎಷ್ಟು ಹತ್ತಿರ ಎನ್ನುವುದಕ್ಕಿಂತ ಹೊರಬರುವ ದಾರಿ ಯಾವುದು ಎಂದು ಮೊದಲು ನೋಡುತ್ತೇನೆ.

ಒತ್ತೊತ್ತಾಗಿ ನಿಲ್ಲಿಸುವ ಜಾಗವೇ, ಬೇಕೆಂದಾಗ ತೆಗೆಯಬಹುದೇ ಎಂದು ಕೇಳಿ. ಕಾರಿನ ಮೂತಿ ರಸ್ತೆಯ ಕಡೆಗಿರಲಿ. ನಿಲ್ಲಿಸಿದ ಕೂಡಲೇ ಜಾಗದ ಗುರುತನ್ನು ಫೋನಿನ ನಕ್ಷೆಯಲ್ಲಿ ಉಳಿಸಿ, ಹತ್ತಿರದ ಬೀದಿ ಫಲಕದ ಫೋಟೊ ತೆಗೆದುಕೊಳ್ಳಿ. ಲಕ್ಷ ಜನ ಒಂದೇ ಕಡೆ ಸೇರಿದಾಗ ಮೊಬೈಲ್ ಜಾಲ ಕೈಕೊಡುವುದು ಸಾಮಾನ್ಯ. ಆಟದ ಟಿಕೆಟ್, ಪಾರ್ಕಿಂಗ್ ಪಾಸ್ ಎರಡನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ; ಸ್ಕ್ರೀನ್‌ಶಾಟ್ ಎಲ್ಲ ಕಡೆ ನಡೆಯುವುದಿಲ್ಲ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮನೆಮಂದಿಗೆಲ್ಲ ಮೊದಲೇ ಹೇಳಿ, ಚಿಕ್ಕ ಮಕ್ಕಳ ಮುಂಗೈ ಮೇಲೆ ಫೋನ್ ನಂಬರ್ ಬರೆಯಿರಿ.

ಆಟ ಮುಗಿದ ಮೊದಲ ಒಂದು ಗಂಟೆ ರಸ್ತೆ ಅಲುಗಾಡುವುದಿಲ್ಲ. ಆ ಹೊತ್ತಿಗೆಂದೇ ಒಂದು ಫ್ಲಾಸ್ಕ್ ಕಾಫಿ, ಒಂದು ಡಬ್ಬಿ ಚಕ್ಕುಲಿ ತೆಗೆದಿಡಿ. ಮಡಚುವ ಕುರ್ಚಿ ಹಾಕಿಕೊಂಡು ಅಂಗಳದಲ್ಲೇ ಕೂತವರಿಗೂ ಸ್ಟೀರಿಂಗ್ ಹಿಡಿದು ಸಾಲಿನಲ್ಲಿ ನಿಂತವರಿಗೂ ಮನೆ ಸೇರುವ ವೇಳೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಇರುವುದಿಲ್ಲ.

ಟೇಲ್‌ಗೇಟ್: ಕಾರಿನ ಬಾಗಿಲೇ ಅಡುಗೆಕಟ್ಟೆ

ಪಿಕಪ್ ಅಥವಾ ಉದ್ದನೆಯ ಕಾರಿನ ಹಿಂಬದಿಯಲ್ಲಿ ಕೆಳಕ್ಕೆ ಮಡಚಿಕೊಳ್ಳುವ ಬಾಗಿಲಿರುತ್ತದಲ್ಲ, ಅದೇ ಟೇಲ್‌ಗೇಟ್. ಅದನ್ನು ಇಳಿಸಿ, ಮೇಲೆ ತಿಂಡಿ ಹರಡಿ, ಆಟಕ್ಕೆ ಮುಂಚೆ ಒಟ್ಟಿಗೆ ಉಣ್ಣುವ ರೂಢಿಗೂ ಅದೇ ಹೆಸರು ಅಂಟಿಕೊಂಡಿತು. ಈಗ ಗುಡಾರ, ಗ್ರಿಲ್, ಟೀವಿ, ಧ್ವಜ ಎಲ್ಲ ಸೇರಿ ಅದು ಅರ್ಧ ದಿನದ ಹಬ್ಬವಾಗಿದೆ.

ಒಂದೊಂದು ಊರಿಗೆ ಒಂದೊಂದು ಬಗೆ. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ 1962ರಿಂದ ಅಭಿಮಾನಿಗಳು ನದಿಯಲ್ಲಿ ದೋಣಿಗಳಲ್ಲೇ ಬಂದು ಮೈದಾನದ ಪಕ್ಕ ಲಂಗರು ಹಾಕುತ್ತಾರೆ. ಸಿಯಾಟಲ್‌ನಲ್ಲೂ ಸರೋವರದ ಮೇಲೆ ದೋಣಿಗಳ ಸಾಲು. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಜಂಬಲಾಯ, ಗಂಬೊ ಕುದಿಯುತ್ತಿರುತ್ತವೆ. ಮಿಸಿಸಿಪಿಯ ಆಕ್ಸ್‌ಫರ್ಡ್‌ನ ಗ್ರೋವ್ ಎಂಬ ತೋಪಿನ ಕಥೆಯಂತೂ ಪ್ರತಿ ಊರಿಗೂ ಪಾಠ. ಸುಮಾರು ಹತ್ತು ಎಕರೆಯ ಆ ತೋಪಿನೊಳಗೆ ಹಿಂದೆ ಕಾರುಗಳೇ ನಿಲ್ಲುತ್ತಿದ್ದವು. ಮಳೆಗೆ ನೆಲವೆಲ್ಲ ಕೆಸರಾದ ಮೇಲೆ 1991ರಲ್ಲಿ ಕಾರುಗಳನ್ನು ಹೊರಗಿಟ್ಟರು. ಕಾರು ಬಿಟ್ಟುಕೊಟ್ಟ ಜಾಗದಲ್ಲಿ ಗುಡಾರಗಳು ಎದ್ದವು, ಮೇಜಿನ ಮೇಲೆ ಹೂದಾನಿ ಬಂತು, ಕೆಲವು ಗುಡಾರಗಳೊಳಗೆ ತೂಗುದೀಪಗಳೂ ಬಂದವು. ಕಾರಿನ ಬಾಗಿಲಿಂದ ಹುಟ್ಟಿದ ಹಬ್ಬ ಕಾರಿಲ್ಲದೆಯೇ ಹೆಚ್ಚು ಚೆಲುವಾಯಿತು.

ಮೊದಲ ಸಲಕ್ಕೆ ಬೇಕಾದ ಸಾಮಾನು ಕಡಿಮೆ. ಹತ್ತು ಅಡಿ ಚೌಕದ ಒಂದು ಗುಡಾರ, ಅದು ಗಾಳಿಗೆ ಹಾರದಂತೆ ನಾಲ್ಕು ಕಾಲಿಗೂ ಭಾರ, ಮಡಚುವ ಮೇಜು, ಕುರ್ಚಿ, ಎರಡು ಕೂಲರ್ ಪೆಟ್ಟಿಗೆ, ಕಸಕ್ಕೆ ದೊಡ್ಡ ಚೀಲಗಳು, ಧಾರಾಳವಾಗಿ ಕುಡಿಯುವ ನೀರು. ಇದ್ದಿಲಿನ ಗ್ರಿಲ್‌ಗಿಂತ ಸಣ್ಣ ಗ್ಯಾಸ್ ಒಲೆ ಹೊಸಬರಿಗೆ ಸುಲಭ; ಆರಿಸಿದ ಕೂಡಲೇ ಆರುತ್ತದೆ. ಇದ್ದಿಲು ಬಳಸಿದರೆ ಕೆಂಡ ಪೂರ್ತಿ ತಣ್ಣಗಾಗಲು ಬಹಳ ಹೊತ್ತು ಬೇಕು. ಅದನ್ನು ಕಾರಿನ ಕೆಳಗೆ ತಳ್ಳಿ ಆಟಕ್ಕೆ ಹೋಗಬೇಡಿ, ಕಾಗದ ತುಂಬಿದ ಕಸದ ಡಬ್ಬಿಗೂ ಹಾಕಬೇಡಿ. ಅನೇಕ ಕಡೆ ಕೆಂಡಕ್ಕೆಂದೇ ಲೋಹದ ತೊಟ್ಟಿ ಇಟ್ಟಿರುತ್ತಾರೆ.

ಮಕ್ಕಳಿಗೂ ದೊಡ್ಡವರಿಗೂ ಹೊತ್ತು ಕಳೆಯಲು ಕಾರ್ನ್‌ಹೋಲ್ ಇದೆ. ಎರಡಡಿ ಅಗಲ, ನಾಲ್ಕಡಿ ಉದ್ದದ ಎರಡು ಓರೆ ಹಲಗೆ, ತಲಾ ಆರಂಗುಲದ ಒಂದು ತೂತು. 27 ಅಡಿ ದೂರದಿಂದ ಕಾಳಿನ ಚೀಲ ಎಸೆಯಬೇಕು. ಹಲಗೆಯ ಮೇಲೆ ನಿಂತರೆ ಒಂದಂಕ, ತೂತಿನೊಳಗೆ ಬಿದ್ದರೆ ಮೂರು. ಭಾಷೆ ಬಾರದ ನಮ್ಮ ಹಿರಿಯರಿಗೂ ಐದು ನಿಮಿಷದಲ್ಲಿ ಬರುವ ಆಟ.

ಮದ್ಯದ ನಿಯಮ ಊರಿಂದ ಊರಿಗೆ, ಒಂದೇ ಊರಿನಲ್ಲಿ ಜಾಗದಿಂದ ಜಾಗಕ್ಕೆ ಬೇರೆ. ದೇಶವಿಡೀ 21 ವರ್ಷ ಕಡ್ಡಾಯ, ಗಾಜಿನ ಬಾಟಲಿಗೆ ಬಹಳ ಕಡೆ ನಿಷೇಧವಿದೆ. ವಿದ್ಯಾರ್ಥಿ ವೀಸಾದಲ್ಲಿರುವ ಮಕ್ಕಳಿಗೆ ಪೋಷಕರು ಇದನ್ನು ಒತ್ತಿ ಹೇಳಿ. ಇಲ್ಲಿ ಒಂದು ಪೊಲೀಸ್ ಪ್ರಕರಣ ಓದಿಗೂ ವೀಸಾಕ್ಕೂ ತೊಡಕಾಗಬಹುದು. ಕುಡಿಯುವವರ ಗುಂಪಿನಲ್ಲಿ ಕಾರು ಓಡಿಸುವವರು ಯಾರೆಂಬುದು ಮನೆ ಬಿಡುವಾಗಲೇ ತೀರ್ಮಾನವಾಗಿರಲಿ.

ನಮ್ಮ ತಿಂಡಿ, ಬಯಲಿನ ಬಿಸಿಲು

ನಮ್ಮ ಅಡುಗೆಯಲ್ಲಿ ಬುತ್ತಿಗೆ ಹೇಳಿ ಮಾಡಿಸಿದ ತಿಂಡಿಗಳು ಎಷ್ಟೊಂದಿವೆ. ಪುಳಿಯೋಗರೆ, ಚಿತ್ರಾನ್ನ, ಗೊಜ್ಜವಲಕ್ಕಿ, ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಕೋಡುಬಳೆ. ಒಲೆ ಇದ್ದರೆ ಪಡ್ಡು. ಮಾಂಸಾಹಾರಿಗಳು ಮಸಾಲೆ ಹಚ್ಚಿದ ಕೋಳಿಯನ್ನು ಮನೆಯಲ್ಲೇ ಸಿದ್ಧಪಡಿಸಿ ತಂದು ಸುಡಬಹುದು.

ಅರ್ಧ ದಿನ ಬಯಲಿನಲ್ಲಿರುವ ಊಟಕ್ಕೆ ಕೆಲವು ಲೆಕ್ಕಗಳು ಗೊತ್ತಿರಬೇಕು. ಕೆಡುವ ಆಹಾರ 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿರಬೇಕು. ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮೊಸರನ್ನ, ಕಾಯಿ ಚಟ್ನಿ, ರಾಯತ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಇರಲಿ. ಚಿತ್ರಾನ್ನ, ಪುಳಿಯೋಗರೆಗೂ ಈ ಲೆಕ್ಕ ಅನ್ವಯಿಸುತ್ತದೆ, ಅನ್ನ ಹೊತ್ತು ಮೀರಿದರೆ ಹುಳಿಯಿದ್ದರೂ ಕೆಡುತ್ತದೆ. ಹಸಿ ಮಾಂಸಕ್ಕೆ ಬೇರೆ ಪೆಟ್ಟಿಗೆ. ಕೋಳಿ ಒಳಗೆ 74 ಡಿಗ್ರಿ ತಲುಪಿರಬೇಕು. ಬಣ್ಣ ನೋಡಿ ಬೆಂದಿದೆ ಎನ್ನುವುದು ಸಾಲದು, ಚುಚ್ಚಿ ನೋಡುವ ಸಣ್ಣ ಥರ್ಮಾಮೀಟರ್ ಒಯ್ಯಿರಿ.

ಶೇಂಗಾದ ಬಗ್ಗೆ ಒಂದು ಎಚ್ಚರ. ನಮ್ಮ ಚಟ್ನಿ, ಒಗ್ಗರಣೆ ಎಲ್ಲದರಲ್ಲೂ ಅದಿರುತ್ತದೆ. ಇಲ್ಲಿ ಶೇಂಗಾ ಅಲರ್ಜಿ ಇರುವವರು ಹಲವರು, ಕೆಲವರಿಗೆ ಅದು ಜೀವಕ್ಕೇ ಅಪಾಯ. ಅಪರಿಚಿತರಿಗೆ ತಟ್ಟೆ ಕೊಡುವ ಮೊದಲು, ಅದರಲ್ಲೂ ಮಕ್ಕಳಿಗೆ, ಅಲರ್ಜಿ ಇದೆಯೇ ಎಂದು ಕೇಳಿ. ಶೇಂಗಾ ಹಾಕಿದ ತಿಂಡಿಯ ಡಬ್ಬಿಗೆ ಚೀಟಿ ಅಂಟಿಸಿ, ಸೌಟು ಬೇರೆ ಇಡಿ.

ಎದುರಾಳಿ ಊರಿಂದ ಬಂದವರು

ಮೊದಲ ಕಾಲೇಜು ಫುಟ್‌ಬಾಲ್ ಆಟವೆಂದು ಹೆಸರಾದದ್ದು 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ನಡೆಯಿತು. ರಟ್ಗರ್ಸ್ ಕಾಲೇಜಿನ ಊರಿಗೆ ಪ್ರಿನ್ಸ್‌ಟನ್‌ನವರು ರೈಲು ಹತ್ತಿ ಬಂದರು, 6–4ರಿಂದ ಸೋತರು. ಅತಿಥಿಯಿಲ್ಲದೆ ಈ ಆಟವೇ ಇಲ್ಲ ಎಂಬುದು ಅಂದೇ ಸ್ಪಷ್ಟವಾಗಿತ್ತು.

ಈಗ ಆ ಅತಿಥಿಗಳು ಬರುವ ದೂರ ಬೆಳೆದಿದೆ. ಮಿಷಿಗನ್ ಇರುವ ಬಿಗ್ ಟೆನ್ ಕೂಟಕ್ಕೆ 2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ತಂಡಗಳ ಸಂಖ್ಯೆ 18 ಆಯಿತು. ಹಿಂದೆ ಎದುರಾಳಿ ಅಭಿಮಾನಿಗಳಲ್ಲಿ ಬಹುಪಾಲು ಪಕ್ಕದ ಒಹಾಯೊ, ಇಂಡಿಯಾನಾ ರಾಜ್ಯಗಳಂಥ ಕಡೆಯಿಂದ ಗ್ರಿಲ್, ಗುಡಾರ ತುಂಬಿದ ಕಾರಿನಲ್ಲಿ ಬರುತ್ತಿದ್ದರು. ಈಗ ಪಶ್ಚಿಮ ಕರಾವಳಿಯ ಲಾಸ್ ಏಂಜಲಿಸ್‌ನಿಂದ ಬರುವವರು ಮೂರು ಸಾವಿರ ಕಿಲೋಮೀಟರ್ ಹಾರಿ, ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿಳಿದು, ಬರಿಗೈಲಿ ನಿಲ್ಲುತ್ತಾರೆ. ಅವರಿಗೆ ಗುಡಾರವಿಲ್ಲ, ಒಲೆಯಿಲ್ಲ, ಎಷ್ಟೋ ಸಲ ಕಾರೂ ಇಲ್ಲ. ಹೊರಗಿನ ಅಭಿಮಾನಿಗಳು ಮತ್ತೆ ಮತ್ತೆ ಬರಬೇಕೆಂದು ಬಯಸುವ ಊರು ಮೊದಲು ಅರಿಯಬೇಕಾದ ಬದಲಾವಣೆ ಇದು. ದೊಡ್ಡ ಪಾರ್ಕಿಂಗ್ ಜಾಗ ಅವರಿಗೆ ಉಪಯೋಗವಿಲ್ಲ. ಬೇಕಾದದ್ದು ಕುಳಿತುಕೊಳ್ಳಲು ನೆರಳು, ಕುಡಿಯಲು ನೀರು, ಸಾಮಾನು ಇಡಲು ಒಂದು ಜಾಗ.

ಸೆಪ್ಟೆಂಬರ್ 21ರಂದು ನಾವು ಅಜ್ಜಿಯ ಅಂಗಳದಲ್ಲಿದ್ದದ್ದು ಅಂಥದೇ ಆಟಕ್ಕೆ. ಎದುರಾಳಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ದಾವಣಗೆರೆಯಿಂದ ಬಂದಿದ್ದ ಅಮ್ಮ ಮೇಪಲ್ ಮರದ ಕೆಳಗೆ ಗ್ಯಾಸ್ ಒಲೆಯ ಮೇಲೆ ಕಾವಲಿಯಿಟ್ಟು ಪಡ್ಡು ಹಾಕುತ್ತಿದ್ದರು. ಈರುಳ್ಳಿ, ಹಸಿಮೆಣಸು, ಕರಿಬೇವು ಎಣ್ಣೆಯಲ್ಲಿ ಚುರ್ ಎನ್ನುವ ಸದ್ದು. ರಸ್ತೆಯಲ್ಲಿ ಒಂದು ಕುಟುಂಬ ನಿಂತು ಫೋನ್ ನೋಡುತ್ತಿತ್ತು: ಗಂಡ, ಹೆಂಡತಿ, ಹತ್ತು ವರ್ಷದ ಹುಡುಗ. ಮೂವರ ಮೈಮೇಲೂ ಕಡುಗೆಂಪು ಮತ್ತು ಹೊಂಬಣ್ಣದ ಅಂಗಿ, ಗಂಡನ ಬೆನ್ನಿಗೆ ಒಂದು ದಪ್ಪ ಚೀಲ. ಅಮ್ಮ ಕಣ್ಣು ಕಿರಿದಾಗಿಸಿ ನೋಡಿ, "ಏ, ಇವ್ರು ನಮ್ಮ ರಾಜ್ಯೋತ್ಸವದ ಬಣ್ಣ ಹಾಕ್ಕೊಂಡು ಬಂದಾರಲ್ಲೋ! ಕರಿ ಅವ್ರನ್ನ" ಎಂದರು. ಅವರು ಎದುರಾಳಿ ಕಡೆಯವರು ಎಂದೆ. "ಆದ್ರೇನಾತು? ಅಷ್ಟು ದೂರದಿಂದ ಬಂದಾರೆ, ಮೊದ್ಲು ಅವ್ರಿಗೆ ಕೊಡು."

ಕರೆದೆ, ಬಂದರು. ಅಲರ್ಜಿ ಕೇಳಿದೆ, ಇಲ್ಲ ಎಂದರು. ಹುಡುಗ ಏಳು ಪಡ್ಡು ತಿಂದ. ಮಾತಿನ ನಡುವೆ ಅವರ ಕಷ್ಟ ಗೊತ್ತಾಯಿತು: ಬೆನ್ನಿನ ಚೀಲವನ್ನು ಮೈದಾನದೊಳಗೆ ಬಿಡುವುದಿಲ್ಲ, ಇಟ್ಟು ಹೋಗೋಣವೆಂದರೆ ಕಾರಿಲ್ಲ, ಹೋಟೆಲು ಊರ ಹೊರಗೆ. ಆ ಚೀಲ ನಮ್ಮ ಕಾರಿನ ಡಿಕ್ಕಿ ಸೇರಿತು. ಅವರು ಫೋನ್ ನಂಬರ್ ಬರೆದುಕೊಂಡು ಹಗುರಾಗಿ ನಡೆದುಹೋದರು.

ಎದುರಾಳಿಯನ್ನು ಆದರಿಸುವುದರಲ್ಲಿ ಹೆಸರು ಮಾಡಿದ ಊರುಗಳಿವೆ. ನೆಬ್ರಾಸ್ಕದ ಲಿಂಕನ್‌ನಲ್ಲಿ 1962ರಿಂದ, ಕೋವಿಡ್‌ನ 2020 ಬಿಟ್ಟರೆ, ಪ್ರತಿ ಆಟದ ಟಿಕೆಟ್ಟುಗಳೂ ಪೂರ್ತಿ ಮಾರಾಟವಾಗಿವೆ. ಸೋಲಲಿ ಗೆಲ್ಲಲಿ, ಮೈದಾನ ಬಿಡುವ ಎದುರಾಳಿ ತಂಡಕ್ಕೆ ಚಪ್ಪಾಳೆ ತಟ್ಟುವುದು ಅಲ್ಲಿನವರ ರೂಢಿ. ಅಯೊವಾ ಸಿಟಿಯ ಕಿನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆಯಿದೆ. 2017ರಿಂದ ಮೊದಲ ಕಾಲುಭಾಗದ ಆಟ ಮುಗಿದೊಡನೆ ಇಡೀ ಮೈದಾನ ಆಸ್ಪತ್ರೆಯತ್ತ ತಿರುಗಿ ಕಿಟಕಿಯಲ್ಲಿರುವ ಮಕ್ಕಳಿಗೆ ಕೈ ಬೀಸುತ್ತದೆ. ಎದುರಾಳಿ ಆಟಗಾರರೂ ಅಭಿಮಾನಿಗಳೂ ಕೈ ಬೀಸುತ್ತಾರೆ. ಅಲ್ಲಿಗೆ ಹೋಗಿ ಬಂದ ಎದುರಾಳಿಯ ಮನಸ್ಸಿನಲ್ಲಿ ಉಳಿಯುವುದು ಆ ಗಳಿಗೆ.

ನಾವು ಮನೆಯವರಾಗಿ ಮಾಡಬಹುದಾದದ್ದು ಸಣ್ಣದು. ಬೇರೆ ಬಣ್ಣದ ಅಂಗಿ ಕಂಡಾಗ ಮೊದಲು ನಾವೇ ನಮಸ್ಕಾರ ಹೇಳಿ, ಎಲ್ಲಿಂದ ಬಂದಿರಿ ಎಂದು ಕೇಳುವುದು. ಅವರ ದ್ವಾರ, ಹತ್ತಿರದ ಶೌಚಾಲಯ ತೋರಿಸುವುದು. ಅಂಗಳ ಬಾಡಿಗೆಗೆ ಕೊಡುವವರು ಎರಡೂ ತಂಡಗಳ ಅಭಿಮಾನಿಗಳಿಗೆ ಒಂದೇ ದರ ಹೇಳುವುದು. ಗುಡಾರದಲ್ಲಿ ಎರಡು ಕುರ್ಚಿ ಹೆಚ್ಚಿಗೆ ಇಡುವುದು. ಚೀಲ, ಔಷಧಿ, ಸ್ವೆಟರ್ ಇಡಲು ಡಿಕ್ಕಿಯಲ್ಲಿ ಜಾಗ ಕೊಡುವುದು. ಒಳಗೇನಿದೆ ಎಂದು ಕೇಳಿ, ಎರಡೂ ಕಡೆಯವರು ನಂಬರ್ ಬದಲಾಯಿಸಿಕೊಂಡರೆ ಸಾಕು.

ನೀವೇ ಅತಿಥಿಯಾದಾಗ

ಮಗ ಓದುವ ಕಾಲೇಜಿನ ತಂಡದ ಜೊತೆ ಬೇರೆ ಊರಿಗೆ ಹೋಗುತ್ತೀರಿ ಎಂದುಕೊಳ್ಳಿ. ಆದಷ್ಟು ನಿಮ್ಮ ಕಾಲೇಜಿನ ಮೂಲಕವೇ ಟಿಕೆಟ್ ಪಡೆಯಿರಿ. ಪ್ರವಾಸಿ ಅಭಿಮಾನಿಗಳಿಗೆಂದು ಮೀಸಲಾದ ಭಾಗದಲ್ಲಿ ಜಾಗ ಸಿಗುತ್ತದೆ, ಸುತ್ತ ನಿಮ್ಮವರೇ ಇರುತ್ತಾರೆ. ಹೋಟೆಲುಗಳು ಆ ವಾರಾಂತ್ಯ ದರ ಏರಿಸುತ್ತವೆ, ಎರಡು ರಾತ್ರಿ ಕಡ್ಡಾಯ ಮಾಡುವುದೂ ಉಂಟು. ಮೂವತ್ತು, ನಲವತ್ತು ಕಿಲೋಮೀಟರ್ ಆಚೆ ಹುಡುಕಿದರೆ ಉಳಿತಾಯ. ನಿಮ್ಮ ತಂಡದ ಬಣ್ಣವನ್ನು ಹೆಮ್ಮೆಯಿಂದ ಉಡಿ, ಆದರೆ ಗೆದ್ದಾಗ ಬೀದಿಯಲ್ಲಿ ಕೂಗಾಟ ಬೇಡ. ಇನ್ನೊಬ್ಬರ ಗುಡಾರಕ್ಕೆ ಕರೆಯದೆ ಕಾಲಿಡಬೇಡಿ. ಕರೆದರೆ ಬರಿಗೈಲಿ ಹೋಗಬೇಡಿ, ಒಂದು ಪೊಟ್ಟಣ ಮೈಸೂರುಪಾಕ್ ಸಾಕು. ಯಾರಾದರೂ ಕುಡಿದು ಕೆಣಕಿದರೆ ಉತ್ತರ ಕೊಡದೆ ಮುಂದೆ ಹೋಗಿ. ಒಳಗೆ ತೊಂದರೆಯಾದರೆ ಸಿಬ್ಬಂದಿಗೆ ಹೇಳಿ. ದೂರು ಕಳಿಸಲು ಎಸ್ಸೆಮ್ಮೆಸ್ ನಂಬರ್ ಹಲವು ಮೈದಾನಗಳಲ್ಲಿ ಫಲಕದ ಮೇಲೆಯೇ ಇರುತ್ತದೆ.

ದ್ವಾರ ಹೊಗುವ ಮುನ್ನ

* ಚೀಲದ ನಿಯಮ ಓದಿಕೊಳ್ಳಿ. ಅನೇಕ ಮೈದಾನಗಳಲ್ಲಿ 12 ಅಂಗುಲ ಉದ್ದ, 12 ಅಂಗುಲ ಎತ್ತರ, 6 ಅಂಗುಲ ದಪ್ಪದ ಪಾರದರ್ಶಕ ಚೀಲಕ್ಕಷ್ಟೇ ಅವಕಾಶ. ಕೆಲವೆಡೆ ಅದೂ ಇಲ್ಲ. ಔಷಧಿ, ಕೂಸಿನ ಸಾಮಾನಿದ್ದರೆ ವಿನಾಯಿತಿ ಏನೆಂದು ಮೊದಲೇ ಕೇಳಿ.
* ಒಮ್ಮೆ ಹೊರಬಂದರೆ ಸಾಮಾನ್ಯವಾಗಿ ಮತ್ತೆ ಒಳಗೆ ಬಿಡುವುದಿಲ್ಲ.
* ಒಲೆ ಆರಿಸಿ, ಸಿಲಿಂಡರಿನ ತಿರುಪು ಮುಚ್ಚಿ, ಗುಡಾರ ಇಳಿಸಿ ಹೋಗಿ. ನೀವಿಲ್ಲದಾಗ ಗಾಳಿ ಬಂದರೆ ಅದು ಪಕ್ಕದವರ ಕಾರಿನ ಮೇಲೆ ಬೀಳುತ್ತದೆ.
* ಆಟ ಶುರುವಾಗಲು ಒಂದು ಗಂಟೆ ಇರುವಾಗಲೇ ಸಾಲಿನಲ್ಲಿ ನಿಲ್ಲಿ. ಬ್ಯಾಂಡಿನ ಮೆರವಣಿಗೆ ತಪ್ಪಿಸಿಕೊಳ್ಳಬಾರದು.
* ಸೆಪ್ಟೆಂಬರ್‌ನಲ್ಲಿ ಟೋಪಿ, ನೀರು. ನವೆಂಬರ್‌ನಲ್ಲಿ ಪದರ ಪದರ ಬಟ್ಟೆ, ಕಾಲುಚೀಲ. ಲೋಹದ ಬೆಂಚು ಚಳಿಯಲ್ಲಿ ಕೊರೆಯುತ್ತದೆ, ಹಿರಿಯರಿಗೆ ಕೂರಲು ಮಡಚಿದ ಶಾಲು ಇರಲಿ.
* ಹೊರಡುವಾಗ ಅಂಗಳದಲ್ಲಿ ನಿಮ್ಮದಲ್ಲದ ಕಸವನ್ನೂ ಒಂದು ಚೀಲ ತುಂಬಿಸಿ.

ಅಂದು ಆಟ ಕೊನೆಯ ನಿಮಿಷದವರೆಗೂ ಜಗ್ಗಾಡಿತು. ಮಿಷಿಗನ್ 27–24ರಿಂದ ಗೆದ್ದಿತು. ನಾವು ಅಂಗಳಕ್ಕೆ ಮರಳಿ ಕುರ್ಚಿ ಬಿಡಿಸಿ ಕೂತ ಅರ್ಧ ಗಂಟೆಗೆ ಆ ಕುಟುಂಬ ಚೀಲಕ್ಕಾಗಿ ಬಂತು. ಹುಡುಗನ ಮುಖ ಬಾಡಿತ್ತು. ಅಮ್ಮ ಒಂದು ಮಾತೂ ಆಡದೆ ಒಲೆ ಹಚ್ಚಿ, ಕೂಲರಿನಲ್ಲಿ ಉಳಿದಿದ್ದ ಹಿಟ್ಟು ತೆಗೆದು ಕಾವಲಿಗೆ ಎಣ್ಣೆ ಸವರಿದರು. ಮನೆಯ ಅಜ್ಜಿಯೂ ತಮ್ಮ ಕುರ್ಚಿ ಎಳೆದುಕೊಂಡು ಬಂದು ಕೂತರು. ರಸ್ತೆ ಬದಿಯ ಕಾರುಗಳೆಲ್ಲ ಆಗಲೇ ಹೋಗಿದ್ದವು, ದಾರಿ ತೆರೆದಿತ್ತು. ನಮ್ಮಲ್ಲಿ ಯಾರಿಗೂ ಹೊರಡುವ ಅವಸರವಿರಲಿಲ್ಲ.